ಬಾಣಂತನವಿಲ್ಲದ ತಾಯಿಗೊಂದು ಪತ್ರ

ಪ್ರೀತಿಯ ಗೆಳತಿಗೆ,

ನಿಮ್ಮ ಪತ್ರ ಓದಿ ಮನಸ್ಸು ತುಂಬಿ ಬಂತು. ಮಗಳು ಮನೆಗೆ ಬಂದು ಎಂಟು ತಿಂಗಳಾಯಿತು, ಅಜ್ಜನ ಕನ್ನಡಕ ಕಿತ್ತುಕೊಂಡು ಹಜಾರದ ತುಂಬ ಓಡುತ್ತಾಳೆ, ತಿಳಿಸಾರು ಅನ್ನ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದೆಲ್ಲ ಬರೆದಿದ್ದೀರಿ. ಹಿಂದಿನ ಪತ್ರ ಬರೆಯುವಾಗ ನೀವಿನ್ನೂ ದತ್ತು ಸರದಿಯ ಸಂಖ್ಯೆ ಎಷ್ಟು ಇಳಿಯಿತು ಎಂದು ದಿನಾ ನೋಡುತ್ತಿದ್ದಿರಿ. ಆ ಪತ್ರದಲ್ಲಿ ಒಂದೂ ಹೆಚ್ಚುವರಿ ಮಾತಿರಲಿಲ್ಲ. ಈ ಪತ್ರದಲ್ಲಿ ಅಂಚಿನಲ್ಲೂ ಬರೆದು ತುಂಬಿಸಿದ್ದೀರಿ. ಅಷ್ಟರಲ್ಲೇ ಎಲ್ಲ ತಿಳಿಯಿತು.

ಕೊನೆಯ ಪುಟದಲ್ಲಿ ಕೇಳಿದ್ದೀರಿ: "ಮಗು ಬಂದಾಯ್ತಲ್ಲ, ಇನ್ನು ಆ ದತ್ತು ಪೋಷಕರ ವಾಟ್ಸಾಪ್ ಗುಂಪು ಯಾಕೆ ಅಂತಾರೆ ನಮ್ಮ ಮನೆಯವರು. ಎಲ್ಲರ ಹಾಗೆ ನಾವೂ ಒಂದು ಸಂಸಾರ, ಯಾವಾಗಲೂ ದತ್ತು ದತ್ತು ಅಂತ ಮಾತಾಡ್ತಾ ಕೂತರೆ ಮಗುವಿಗೆ ಒಳ್ಳೇದಾ ಅಂತಾರೆ. ನೀವೇನಂತೀರಿ?"

ಬಿಡಬೇಡಿ ಅಂತೀನಿ. ಅವರ ಮಾತಿನ ಹಿಂದಿರುವ ಆಸೆ ನನಗೆ ಅರ್ಥವಾಗುತ್ತದೆ. ವರ್ಷಗಟ್ಟಲೆ ಅರ್ಜಿ, ದಾಖಲೆ, ಕಂಡವರ ಪ್ರಶ್ನೆಗಳ ನಡುವೆ ಬದುಕಿದ ಮನುಷ್ಯನಿಗೆ ಒಂದು ದಿನ 'ಇನ್ನು ಮುಗಿಯಿತು' ಅನಿಸಲೇಬೇಕು. ಆದರೂ ಬಿಡಬೇಡಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಮಗಳು ಮಲಗಿದ ಮೇಲೆ ಇಬ್ಬರೂ ಓದಿ.

ನಮ್ಮ ಗುಂಪಿನಲ್ಲಿ ನಾನು ಮತ್ತೆ ಮತ್ತೆ ನೋಡಿದ್ದು ಇದು. ಕಾಯುವ ಕಾಲದಲ್ಲಿ ಎಲ್ಲರೂ ಇರುತ್ತಾರೆ. ಮೂರು ವರ್ಷ ಮೀರಿದ ಕಾಯುವಿಕೆ ಈಗ ಸಾಮಾನ್ಯ. ಅಷ್ಟು ದಿನ ಒಬ್ಬರಿಗೊಬ್ಬರು ಆಸರೆ. ಮನೆ ನೋಡಲು ಬರುವ ಸಮಾಜ ಕಾರ್ಯಕರ್ತೆ ಏನೇನು ಕೇಳುತ್ತಾರೆ, ಅತ್ತೆ ಮಾವನನ್ನೂ ಮಾತಾಡಿಸುತ್ತಾರಾ, ಬಾಡಿಗೆ ಮನೆಯಾದರೆ ತೊಂದರೆಯಾ ಎಂದು ಕೇಳುವವರಿಗೆ ನಿನ್ನೆಯಷ್ಟೇ ಅದನ್ನು ದಾಟಿ ಬಂದವರು ಉತ್ತರಿಸುತ್ತಾರೆ. ಒಂದು ದಿನ ಮಗುವಿನ ಫೋಟೊ, ಅದರ ಅಧ್ಯಯನ ವರದಿ, ವೈದ್ಯಕೀಯ ವರದಿ ಒಟ್ಟಿಗೆ ಬರುತ್ತವೆ. 48 ಗಂಟೆಯೊಳಗೆ ಮಗುವನ್ನು ಕಾಯ್ದಿರಿಸಬೇಕು. ಆ ಎರಡು ದಿನ ನಿದ್ದೆ ಬರುವುದಿಲ್ಲ. ಹುಟ್ಟಿದಾಗಿನ ತೂಕ ಕಡಿಮೆ ಎಂದು ಬರೆದಿದ್ದರೆ ಏನರ್ಥ, ತಲೆಯ ಸುತ್ತಳತೆ ಯಾಕೆ ಅಳೆದಿದ್ದಾರೆ, ಆ ವರದಿಯನ್ನು ಕೂತು ಓದಿ ಹೇಳುವ ಮಕ್ಕಳ ಡಾಕ್ಟರು ಯಾರಿದ್ದಾರೆ, ಇವೆಲ್ಲ ರಾತ್ರಿ ಹನ್ನೊಂದಕ್ಕೂ ಗುಂಪಿನಲ್ಲಿ ಸಿಗುತ್ತವೆ. ನಿಮಗೂ ಸಿಕ್ಕಿತ್ತು. ಆಮೇಲೆ ಮಗು ಬರುತ್ತದೆ, ಎಲ್ಲರೂ ಹಾರೈಸುತ್ತಾರೆ, ಒಂದಷ್ಟು ದಿನದ ನಂತರ ಆ ಹೆಸರು ಗುಂಪಿನಿಂದ ಮೆಲ್ಲಗೆ ಇಲ್ಲವಾಗುತ್ತದೆ.

ಕಾನೂನಿನ ಲೆಕ್ಕವೂ ಹೆಚ್ಚು ಕಡಿಮೆ ಹಾಗೇ ಇದೆ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶಕ್ಕೆ ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗಳ ಸಹಿ. ಮಗು ಮನೆಗೆ ಬಂದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಮಗುವಿನ ಯೋಗಕ್ಷೇಮದ ವರದಿ. ಅಲ್ಲಿಗೆ ಸರ್ಕಾರ ಬಾಗಿಲು ತಟ್ಟುವುದು ನಿಲ್ಲುತ್ತದೆ. ನಿಮ್ಮ ಮಗಳ ಪ್ರಶ್ನೆಗಳು ಶುರುವಾಗುವುದೇ ಆಮೇಲೆ. ಎರಡು ವರ್ಷದ ಕೂಸು ಏನನ್ನೂ ಕೇಳುವುದಿಲ್ಲ, ನಾಲ್ಕೂವರೆ ವರ್ಷದ ಹುಡುಗಿ ಕೇಳುತ್ತಾಳೆ. ಹನ್ನೊಂದರಲ್ಲಿ ಕೇಳದೆ ಸುಮ್ಮನಾಗುತ್ತಾಳೆ, ಅದು ಇನ್ನೂ ಕಷ್ಟ. ಹದಿನೇಳರಲ್ಲಿ ಮತ್ತೆ ಕೇಳುತ್ತಾಳೆ, ಆಗ ಅವಳಿಗೆ ಬೇಕಾದ ಉತ್ತರವೇ ಬೇರೆ.

ಮೊದಲು ನಿಮ್ಮ ವಿಚಾರ ಹೇಳುತ್ತೇನೆ, ಆಮೇಲೆ ಮಗಳದು.

ಎರಡನೇ ಪುಟದಲ್ಲಿ ಒಂದು ಸಾಲು ಬರೆದು ಹೊಡೆದು ಹಾಕಿದ್ದೀರಿ. ಹೊಡೆದರೂ ಓದಲು ಬರುತ್ತಿತ್ತು: "ಕೆಲವು ರಾತ್ರಿ ಯಾಕಾದರೂ..." ಅಷ್ಟೇ. ಗೆಳತಿ, ಇದನ್ನು ಹೊಡೆದು ಹಾಕಬೇಕಾಗಿಲ್ಲ. ನಮ್ಮಲ್ಲಿ ಹೆತ್ತವಳಿಗೆ ಬಾಣಂತನವಿದೆ. ತವರಿನವರು ಬಂದು ನಿಲ್ಲುತ್ತಾರೆ, ಎಣ್ಣೆ ನೀರು ಹಾಕುತ್ತಾರೆ, ಮೆಣಸಿನ ಸಾರು ಮಾಡಿ ಬಡಿಸುತ್ತಾರೆ, ಮಗು ಅತ್ತರೆ ಇನ್ಯಾರೋ ಎತ್ತಿಕೊಂಡು ನೀನು ಮಲಗು ಅನ್ನುತ್ತಾರೆ. ಅವಳು ಕಾರಣವಿಲ್ಲದೆ ಅತ್ತರೂ ಬಾಣಂತಿ ಎಂದು ಮನೆ ಮಂದಿ ತಾಳಿಕೊಳ್ಳುತ್ತಾರೆ. ದತ್ತು ತಾಯಿಗೆ ಇದ್ಯಾವುದೂ ಇಲ್ಲ. ಅವಳ ಮೈ ನೊಂದಿಲ್ಲವಲ್ಲ ಎಂಬುದು ಎಲ್ಲರ ಲೆಕ್ಕ. ಅವಳ ಕೈಗೆ ಬಂದಿರುವುದಾದರೋ ಹದಿನಾಲ್ಕು ತಿಂಗಳ ಮಗು. ಅದು ಅವಳ ವಾಸನೆ ಅರಿಯದು, ಅವಳ ಭಾಷೆಯ ಲಯ ಅರಿಯದು. ಸಾಲು ತೊಟ್ಟಿಲುಗಳಲ್ಲಿ, ರಾತ್ರಿಯಿಡೀ ದೀಪ ಉರಿಯುವ ಕೋಣೆಯಲ್ಲಿ ಮಲಗಿ ರೂಢಿಯಾದ ಕೂಸು ಕತ್ತಲೆಯಲ್ಲಿ, ನಿಶ್ಶಬ್ದದಲ್ಲಿ ಹೆದರುತ್ತದೆ. ತಟ್ಟೆಯಲ್ಲಿದ್ದದ್ದನ್ನು ಇನ್ನು ಸಿಗುವುದೇ ಇಲ್ಲ ಎಂಬಂತೆ ಬಾಯಿಗೆ ತುರುಕಿಕೊಳ್ಳುತ್ತದೆ. ಕೆಲವು ಮಕ್ಕಳು ಬಿದ್ದರೂ ಅಳುವುದಿಲ್ಲ. ಅತ್ತರೆ ಯಾರಾದರೂ ಬರುತ್ತಾರೆ ಎಂಬುದೇ ಅವಕ್ಕೆ ಗೊತ್ತಿರುವುದಿಲ್ಲ. ನೆಂಟರು ನೋಡಿ "ಎಷ್ಟು ಸಾಧು ಮಗು" ಅನ್ನುತ್ತಾರೆ. ಅದು ಸಾಧುತನವಲ್ಲ ಎಂದು ನಿಮಗೆ ಹೇಳಬಲ್ಲವರು ಅಂಥ ಮಗುವನ್ನು ಎತ್ತಿ ಬೆಳೆಸಿದವರು ಮಾತ್ರ. ಮಗು ಮೊದಲ ಸಲ ಬಿದ್ದು ಜೋರಾಗಿ ಅತ್ತು ನಿಮ್ಮ ಕಡೆ ಕೈಚಾಚಿದ ದಿನ ಗುಂಪಿನಲ್ಲಿ ಹಬ್ಬ ನಡೆಯುತ್ತದೆ. ಬೇರೆಲ್ಲೂ ಯಾರಿಗೂ ಅದು ಸುದ್ದಿಯೇ ಅಲ್ಲ.

ಒಂದು ರಾತ್ರಿ ನಮ್ಮ ಗುಂಪಿನ ಹೊಸ ತಾಯಿಯೊಬ್ಬಳು ಬರೆದಳು: ಇಷ್ಟು ವರ್ಷ ಕಾದು ತಂದ ಮಗು, ಇದರ ಮೇಲೆ ನನಗೆ ಪ್ರೀತಿ ಹುಟ್ಟುತ್ತಿಲ್ಲ, ಯಾರದೋ ಮಗುವನ್ನು ನೋಡಿಕೊಳ್ಳುತ್ತಿದ್ದೇನೆ ಅನಿಸುತ್ತದೆ. ಇದನ್ನು ಅವಳು ಗಂಡನಿಗೆ ಹೇಳಿರಲಿಲ್ಲ, ತಾಯಿಗೂ ಹೇಳಿರಲಿಲ್ಲ. ಹೇಳಿದರೆ "ನೀನೇ ಬೇಕೆಂದು ತಂದೆಯಲ್ಲ" ಎಂಬ ಮಾತು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬೆಳಗಾಗುವುದರೊಳಗೆ ಅವಳಿಗೆ ಬಂದ ಉತ್ತರಗಳಲ್ಲಿ ಉಪದೇಶವಿರಲಿಲ್ಲ. 'ನನಗೂ ಹಾಗೇ ಆಗಿತ್ತು' ಎಂದು ಒಬ್ಬರಾದ ಮೇಲೆ ಒಬ್ಬರು ಬರೆದಿದ್ದರು. ಒಬ್ಬರಿಗೆ ಅದು ಆರು ತಿಂಗಳು ಹಿಡಿದಿತ್ತು, ಇನ್ನೊಬ್ಬರಿಗೆ ವರ್ಷ ದಾಟಿತ್ತು, ಮತ್ತೊಬ್ಬರು ವೈದ್ಯರನ್ನು ಕಂಡು ಔಷಧಿ ತೆಗೆದುಕೊಂಡಿದ್ದರು. ಆಮೇಲೆ ಅವಳು ಮಾತ್ರವಲ್ಲ, ಸುಮ್ಮನೆ ಓದುತ್ತಿದ್ದ ಎಷ್ಟೋ ಮಂದಿ ಬಾಯಿಬಿಟ್ಟರು. ಆ ರಾತ್ರಿಗಳಲ್ಲಿ ನಿಮಗೆ ಬೇಕಾದದ್ದು ಒಂದು ತವರು. ನಮಗೆ ಸಿಕ್ಕ ತವರು ಇದು.

ಕಾನೂನೂ ಈ ಬಾಣಂತನವನ್ನು ಅರೆಮನಸ್ಸಿನಿಂದಲೇ ಕಂಡಿತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಗೆ ತಂದ ತಿದ್ದುಪಡಿ ದತ್ತು ತಾಯಿಗೆ 12 ವಾರಗಳ ರಜೆ ಕೊಟ್ಟಿತು, ಜೊತೆಗೆ ಮಗು 3 ತಿಂಗಳೊಳಗಿನದಾಗಿರಬೇಕು ಎಂಬ ಷರತ್ತನ್ನೂ ಹಾಕಿತು. ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು 2 ತಿಂಗಳ ಅವಕಾಶವಿದೆ, ಇರಲೇಬೇಕು. ಅದಾದ ಮೇಲೆ ಮಕ್ಕಳ ಕಲ್ಯಾಣ ಸಮಿತಿಯ ಘೋಷಣೆ, ಆಮೇಲೆ ಹೊಂದಾಣಿಕೆ, ಪ್ರಯಾಣ. ಇಷ್ಟೆಲ್ಲ ಆಗುವಾಗ ಮೂರು ತಿಂಗಳು ಎಲ್ಲಿ ಉಳಿಯುತ್ತದೆ? ಈ ಷರತ್ತನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು ಒಬ್ಬ ದತ್ತು ತಾಯಿಯೇ. ನೋವು ಗೊತ್ತಿದ್ದವರೇ ಹೋಗಬೇಕಾಯಿತು.

ನಿಮ್ಮ ಅತ್ತೆಯವರು ಬಹಳ ಅಕ್ಕರೆಯವರು ಎಂದು ಬರೆದಿದ್ದೀರಿ, ಅವರಿರುವಾಗ ಹೊರಗಿನವರು ಯಾಕೆ ಎಂಬುದೂ ಮನೆಯವರ ಮಾತು. ಅಕ್ಕರೆಯ ವಿಷಯದಲ್ಲಿ ನನಗೆ ಸಂಶಯವೇ ಇಲ್ಲ. ಆದರೆ ಹಿರಿಯರಿಗೆ ಗೊತ್ತಿರುವ ದತ್ತು ಬೇರೆ. ಅವರ ಕಾಲದಲ್ಲಿ ದತ್ತು ಅಂದರೆ ದಾಯಾದಿಯ ಮಗ, ಅಕ್ಕನ ಮಗ. ಯಾರ ಮಗ, ಯಾಕೆ ಬಂದ ಎಂಬುದು ಊರಿಗೇ ಗೊತ್ತು. ಆಸ್ತಿಗೆ, ಪಿಂಡಕ್ಕೆ, ಸಿಂಹಾಸನಕ್ಕೆ ಒಬ್ಬ ಬೇಕಿತ್ತು. 1824ರಲ್ಲಿ ಕಿತ್ತೂರಿನ ಚೆನ್ನಮ್ಮ ಕತ್ತಿ ಹಿಡಿದದ್ದೂ ದತ್ತು ಮಗನ ಹಕ್ಕನ್ನು ಕಂಪನಿ ಒಪ್ಪದಿದ್ದಾಗ. ಅಲ್ಲಿ ಮನೆತನಕ್ಕೆ ಮಗು ಬೇಕಾಗಿತ್ತು. ಈಗಿನ ಕಾನೂನು ಮಗುವಿಗೆ ಮನೆ ಹುಡುಕುತ್ತದೆ, ಆ ಮಗುವಿನ ಹಿಂದಿನ ಬದುಕು ಒಂದು ಕಡತದಲ್ಲಿ ಗೋಪ್ಯವಾಗಿ ಉಳಿಯುತ್ತದೆ. ಹೀಗೆ ಬಂದ ಮಗುವನ್ನು ಬೆಳೆಸಿದ ಅನುಭವ ನಮ್ಮ ಅಜ್ಜಿಯರಿಗೆ ಇರಲಿಲ್ಲ, ಹಾಗಾಗಿ ಅವರಿಂದ ನಮಗೆ ಬರಲಿಲ್ಲ. ನಿಮಗಿಂತ ಐದು ವರ್ಷ ಮುಂದಿರುವ ದತ್ತು ತಾಯಿಯೇ ಈ ವಿಷಯದಲ್ಲಿ ನಿಮ್ಮ ಮನೆಯ ಹಿರಿಯಳು.

ಊರಿನವರ ಮಾತನ್ನೇ ತೆಗೆದುಕೊಳ್ಳಿ. ನಿಮ್ಮ ಸಾಗರದಂಥ ಸಣ್ಣ ಊರಿನಲ್ಲಿ ನಿಮ್ಮನ್ನು ಕಂಡವರೆಲ್ಲ "ದೊಡ್ಡ ಪುಣ್ಯದ ಕೆಲಸ ಮಾಡಿದಿರಿ" ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಾರೆ. ನಾಳೆ ನಿಮ್ಮ ಮಗಳು ಅದನ್ನು ಕೇಳಿಸಿಕೊಳ್ಳುವಾಗ ಅದು ಸಾಲವಾಗುತ್ತದೆ, ಈ ಮನೆಯಲ್ಲಿ ತಾನು ಋಣಿಯಾಗಿ ಇರಬೇಕು ಅನಿಸುತ್ತದೆ. ಹಾಗಾದರೆ ಏನು ಉತ್ತರ ಕೊಡುವುದು? ಇದು ನಮ್ಮ ಗುಂಪಿನಲ್ಲಿ ಮುಗಿಯದ ಚರ್ಚೆ. "ಪುಣ್ಯ ನಮ್ಮದು, ಅವಳು ನಮ್ಮ ಮನೆಯ ಭಾಗ್ಯಲಕ್ಷ್ಮಿ" ಎಂದು ಹೇಳಿ ಎಂದರು ಕೆಲವರು. ಅದು ಚೆಂದ ಕೇಳಿಸಿತು. ಆಮೇಲೆ ಬೆಳೆದ ಮಗನೊಬ್ಬನ ತಾಯಿ ಹೇಳಿದರು, ಭಾಗ್ಯ ತರುವ ಹೊಣೆಯನ್ನೂ ಮಗುವಿನ ಹೆಗಲಿಗೆ ಹಾಕಬೇಡಿ, ಅಪ್ಪನ ವ್ಯಾಪಾರ ಬಿದ್ದ ವರ್ಷ ಅದು ಏನು ಅಂದುಕೊಳ್ಳಬೇಕು ಎಂದು. ಕೊನೆಗೆ ನನಗೆ ಸರಿ ಎನಿಸಿದ ಉತ್ತರ ಬಹಳ ಸಾದಾ: "ನಮಗೆ ಮಗು ಬೇಕಿತ್ತು, ಅವಳಿಗೆ ಅಪ್ಪ ಅಮ್ಮ ಬೇಕಿತ್ತು." ಅಷ್ಟು ಹೇಳಿ ಮಾತು ಬದಲಿಸಿ. ಇಂಥ ಒಂದು ಸಾಲಿಗೆ ತಲುಪಲು ಒಬ್ಬರೇ ಕೂತು ಯೋಚಿಸಿದರೆ ಸಾಲುವುದಿಲ್ಲ. ಹಲವು ಮನೆಗಳಲ್ಲಿ ಅದನ್ನು ಆಡಿ ನೋಡಿರಬೇಕು.

ಇನ್ನು ಮಗಳಿಗೆ ಯಾವಾಗ ಹೇಳುವುದು ಎಂಬ ನಿಮ್ಮ ಚಿಂತೆ. ಈಗಲೇ ಶುರು ಮಾಡಿ. ಅರ್ಥವಾಗದ ವಯಸ್ಸಿನಲ್ಲಿ, ಎಣ್ಣೆ ಹಚ್ಚುವಾಗ, ತಟ್ಟಿ ಮಲಗಿಸುವಾಗ ಹೇಳಿ: ನಿನ್ನನ್ನು ಕರೆತರಲು ನಾವು ರೈಲು ಹತ್ತಿ ಹೋದೆವು, ನೀನು ನನ್ನ ಬಳೆ ಹಿಡಿದುಕೊಂಡೆ, ಬಿಡಲೇ ಇಲ್ಲ. ಅವಳಿಗೆ ಇದು ಗೊತ್ತಿಲ್ಲದ ದಿನ ಎಂಬುದೇ ನೆನಪಿನಲ್ಲಿ ಇರಬಾರದು. ನಮ್ಮ ಕರ್ಣನ ಕಥೆ ನೋಡಿ. ಕುಮಾರವ್ಯಾಸನಲ್ಲಿ ಕೃಷ್ಣ ಅವನಿಗೆ ಹುಟ್ಟಿನ ಗುಟ್ಟು ಹೇಳುವುದು ಸಂಧಿ ಮುರಿದ ಮೇಲೆ, ಯುದ್ಧ ಖಚಿತವಾದ ಮೇಲೆ. ಆಮೇಲೆ ಕುಂತಿ ಬರುತ್ತಾಳೆ. ಹೇಳಿದವರಿಬ್ಬರಿಗೂ ಅವನಿಂದ ಆಗಬೇಕಾದ ಕೆಲಸವಿತ್ತು. ರಾಧೆ, ಅಧಿರಥರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ವ್ಯಾಸಭಾರತದ ಕರ್ಣ ಕೃಷ್ಣನಿಗೆ ಹೇಳುತ್ತಾನೆ, ತನ್ನ ಮೇಲಿನ ವಾತ್ಸಲ್ಯಕ್ಕೆ ರಾಧೆಯ ಎದೆಯಲ್ಲಿ ಹಾಲು ತುಂಬಿತು, ತನ್ನ ಮಲಮೂತ್ರ ಬಳಿದವಳು ಅವಳು, ಅವಳಿಗೆ ಪಿಂಡ ತಪ್ಪಿಸಲು ತನ್ನಿಂದಾಗದು ಎಂದು. ಅಂಥ ಪ್ರೀತಿಯಲ್ಲಿ ಬೆಳೆದವನಿಗೂ ತನ್ನ ಹುಟ್ಟಿನ ಸತ್ಯ ಹೊರಗಿನವರ ಬಾಯಿಂದ, ಬರಬಾರದ ಹೊತ್ತಿನಲ್ಲಿ ಬಂತು. ನಮ್ಮ ಮಕ್ಕಳಿಗೆ ಹಾಗಾಗಬಾರದು. ಮದುವೆ ಮನೆಯಲ್ಲಿ ದೂರದ ನೆಂಟರೊಬ್ಬರು ಬಾಯಿತಪ್ಪಿ ಹೇಳುವ ಮೊದಲು ನೂರು ಸಲ ನೀವು ಹೇಳಿರಬೇಕು.

ಆದರೆ ಹೇಳಿದ ಮಾತ್ರಕ್ಕೆ ಮುಗಿಯುವುದಿಲ್ಲ. ನಿಮ್ಮ ಮನೆಯವರು ಕೇಳಿದ ಪ್ರಶ್ನೆಗೆ ನನ್ನ ನಿಜವಾದ ಉತ್ತರ ಇಲ್ಲಿದೆ. ಗುಂಪು ನಿಮಗಾಗಿ ಇದ್ದದ್ದು ಕಾಯುವ ಕಾಲದಲ್ಲಿ, ಇನ್ನು ಮುಂದೆ ಅದು ಅವಳಿಗಾಗಿ. ನೀವಿಬ್ಬರೂ ಎಷ್ಟೇ ಪ್ರೀತಿಸಿದರೂ ಅವಳಿಗೆ ಒಂದನ್ನು ಕೊಡಲಾರಿರಿ: ತನ್ನ ಹಾಗೆಯೇ ಮನೆಗೆ ಬಂದ ಇನ್ನೊಂದು ಮಗುವಿನ ಗೆಳೆತನ. ನೀವು ಹೆತ್ತವರ ಮನೆಯಲ್ಲೇ ಬೆಳೆದವರು, ನಾನೂ ಅಷ್ಟೆ. ಆ ಅನುಭವ ನಮಗಿಲ್ಲ.

ನಮ್ಮ ಕುಟುಂಬಗಳು ಆಗಾಗ ಲಾಲ್‌ಬಾಗಿನಲ್ಲೋ ಯಾರದಾದರೂ ಮನೆಯಲ್ಲೋ ಸೇರುತ್ತವೆ. ಮಕ್ಕಳು ಅಲ್ಲಿ ದತ್ತಿನ ವಿಷಯ ಮಾತಾಡುವುದಿಲ್ಲ. ಲಗೋರಿ ಆಡುತ್ತಾರೆ, ಜಗಳವಾಡುತ್ತಾರೆ, ಚಿತ್ರಾನ್ನ ಚೆಲ್ಲುತ್ತಾರೆ. ಒಂದು ಸಲ ಆರು ವರ್ಷದ ಹುಡುಗಿ ಮುಖ ಗಂಟಿಕ್ಕಿಕೊಂಡು ಕೂತಿದ್ದಳು. ಶಾಲೆಯಲ್ಲಿ ಹುಟ್ಟಿದ ದಿನದ ಫೋಟೊ ತರಲು ಹೇಳಿದ್ದರಂತೆ, ಅವಳ ಹತ್ತಿರ ಇರಲಿಲ್ಲ. ನಾವು ದೊಡ್ಡವರು ಏನು ಹೇಳುವುದೆಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಅವಳಿಗಿಂತ ತುಸು ದೊಡ್ಡ ಹುಡುಗಿಯೊಬ್ಬಳು ಬಂದು ಪಕ್ಕದಲ್ಲಿ ಕೂತು, "ನಂದೂ ಇಲ್ಲ. ನಾನು ಚಿತ್ರ ಬರ್ಕೊಂಡ್ ಹೋದೆ. ನಿಂಗೂ ಬರ್ಕೊಡ್ಲಾ?" ಅಂದಳು. ಇಬ್ಬರೂ ಬಣ್ಣದ ಪೆನ್ಸಿಲ್ ಹುಡುಕಿಕೊಂಡು ಹೋದರು. 'ನಂದೂ ಇಲ್ಲ' ಎಂಬ ಮಾತನ್ನು ನಾನಾಗಲಿ ನೀವಾಗಲಿ ಹೇಳಲು ಸಾಧ್ಯವೇ?

ಈ ಗೆಳೆತನ ಬೇಕೆಂದಾಗ ಒಮ್ಮೆಗೇ ಹುಟ್ಟುವುದಿಲ್ಲ. ಹನ್ನೆರಡರ ಹುಡುಗಿಗೆ ಕಷ್ಟ ಬಂದಾಗ "ಬಾ, ನಿನ್ನಂಥವರನ್ನು ತೋರಿಸುತ್ತೇನೆ" ಎಂದರೆ ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ. ಎರಡು ವರ್ಷದವಳಿದ್ದಾಗಿನಿಂದ ಜೊತೆಗೆ ಆಡಿದ್ದರೆ ಅವರು ಅವಳ ಪಾಲಿಗೆ ಅಕ್ಕ, ಅಣ್ಣ. ನಿಮ್ಮ ಊರಿನಲ್ಲಿ ಇಂಥ ಕುಟುಂಬ ಹತ್ತಿರದಲ್ಲಿ ಇಲ್ಲ ಎಂದಿರಿ. ಶಿವಮೊಗ್ಗದಲ್ಲಿ ಇಬ್ಬರಿದ್ದಾರೆ, ಗುಂಪಿನಲ್ಲೇ ಕೇಳಿ ಪರಿಚಯ ಮಾಡಿಸುತ್ತೇನೆ. ದೂರ ಇರುವವರು ಫೋನಿನ ಪರದೆಯಲ್ಲಾದರೂ ಮುಖ ನೋಡಲಿ, ರಜೆಯಲ್ಲಿ ಒಮ್ಮೆ ಸೇರಲಿ.

ಬೆಳೆದ ಮಕ್ಕಳ ಮಾತಿಗೂ ಗುಂಪಿನಲ್ಲಿ ಜಾಗವಿರಬೇಕು ಎಂಬುದು ನನ್ನ ಹಟ. ತಂದೆ ತಾಯಿಗಳೇ ತುಂಬಿದ ಕಡೆ ನಮ್ಮ ಭಯಗಳೇ ಮಾತಾಡುತ್ತವೆ. ಬೇರು ಹುಡುಕುವ ವಿಷಯ ಬಂದರೆ ನಮ್ಮ ಎದೆ ಹೊಡೆದುಕೊಳ್ಳುತ್ತದೆ, ಬಿಟ್ಟು ಹೋಗುತ್ತಾರೇನೋ ಎಂದು. ತನ್ನ ಮೂಲ ತಿಳಿಯಲು ಯತ್ನಿಸುವ ಹಾದಿಯನ್ನು ನಿಯಮಗಳೇ ಮಗುವಿಗೆ ಕೊಟ್ಟಿವೆ, ಹೆತ್ತ ತಾಯಿಯ ಗೋಪ್ಯತೆಗೆ ಧಕ್ಕೆಯಾಗದಂತೆ. ಇಪ್ಪತ್ತು ದಾಟಿದ ಮಕ್ಕಳು ಬಂದು ಕೂತು, "ಹುಡುಕಬೇಕು ಅನ್ನಿಸಿದ್ದು ನಿಮ್ಮ ಮೇಲೆ ಪ್ರೀತಿ ಕಡಿಮೆಯಾಗಿ ಅಲ್ಲ" ಎಂದು ಹೇಳುವಾಗ ಎಷ್ಟೋ ಅಪ್ಪಂದಿರು ಎದ್ದು ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದದ್ದನ್ನು ನೋಡಿದ್ದೇನೆ.

ಅಪ್ಪಂದಿರು ಅಂದಾಗ ನೆನಪಾಯಿತು. ನಿಮ್ಮ ಮನೆಯವರಿಗೆ ಗುಂಪಿನಲ್ಲಿ ಬರೆಯಲು ಸಂಕೋಚವಿದ್ದರೆ ಬರೆಯುವುದು ಬೇಡ. ನಮ್ಮ ಯಜಮಾನರೂ ಬರೆಯುವವರಲ್ಲ. ಆದರೆ ಸಂಜೆ ವಾಕಿಂಗ್ ಹೊರಟಾಗ ಇನ್ನೊಬ್ಬ ತಂದೆಗೆ ಫೋನ್ ಮಾಡಿ ಮಾತಾಡುತ್ತಾರೆ. ನಮ್ಮವರ ನಂಬರ್ ಕಳಿಸುತ್ತೇನೆ. ಮೊದಲು ಅಡಿಕೆ ಧಾರಣೆಯ ಬಗ್ಗೆಯೇ ಮಾತಾಡಲಿ.

ಗುಂಪಿನಲ್ಲಿ ಉಳಿಯಿರಿ ಎಂದು ಇಷ್ಟು ಹೇಳಿದ ಮೇಲೆ ಎಲ್ಲಿ ಎಚ್ಚರ ಬೇಕು ಎಂಬುದನ್ನೂ ಹೇಳಬೇಕು. ನಿಮ್ಮ ಕಷ್ಟ ಹೇಳಿಕೊಳ್ಳಿ, ಅವಳ ಕಥೆಯನ್ನು ಹೇಳಬೇಡಿ. ಅವಳು ಎಲ್ಲಿ ಸಿಕ್ಕಳು, ಯಾಕೆ ಒಪ್ಪಿಸಿದರು, ಕಡತದಲ್ಲಿ ಏನಿದೆ, ಇದೆಲ್ಲ ಅವಳ ಸ್ವತ್ತು. ಅವಳಿಗಿಂತ ಮೊದಲು ಇನ್ನೂರು ಜನರಿಗೆ ಅದು ಗೊತ್ತಿರಬಾರದು. ಸಂಸ್ಥೆಯಲ್ಲಿ ತೆಗೆದ ಹಳೆಯ ಫೋಟೊ ಹಾಕುವುದು ಬೇಡ. ಬಾಲನ್ಯಾಯ ಕಾಯಿದೆಯ 74ನೇ ಕಲಮು ಇಂಥ ಮಕ್ಕಳ ಗುರುತನ್ನು ಮಾಧ್ಯಮಗಳಲ್ಲಿ ಬಹಿರಂಗಪಡಿಸುವುದನ್ನು ತಡೆಯುತ್ತದೆ. ಕಾಯಿದೆ ಇಲ್ಲದಿದ್ದರೂ ನನ್ನ ಮಾತು ಇದೇ ಆಗಿರುತ್ತಿತ್ತು. 'ಹನ್ನೆರಡು ವರ್ಷದ ನನ್ನ ಮಗಳು ಇದನ್ನು ಓದಿದರೆ' ಎಂದು ಒಮ್ಮೆ ಯೋಚಿಸಿ ಕಳಿಸುವ ಗುಂಡಿ ಒತ್ತಿ.

ಇನ್ನೊಂದು, ನೀವು ಖಂಡಿತ ಗುಂಪು ಬಿಟ್ಟು ಹೊರಬರಬೇಕಾದ ಸಂದರ್ಭವೂ ಇದೆ. 2021ರ ಮೇ ತಿಂಗಳು ನೆನಪಿದೆಯಲ್ಲ, ಕೋವಿಡ್ಡಿಗೆ ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದಾರೆ, ಹಸುಗೂಸಿದೆ, ಬೇಕಾದವರು ಈ ನಂಬರಿಗೆ ಕರೆ ಮಾಡಿ ಎಂಬ ಸಂದೇಶಗಳು ಎಲ್ಲರ ಫೋನಿಗೂ ಬಂದವು. ಕೇಂದ್ರದ ದತ್ತು ಪ್ರಾಧಿಕಾರ ಕಾರಾ ಎಚ್ಚರಿಸಿತು, ಜೂನ್‌ನಲ್ಲಿ ಸುಪ್ರೀಂ ಕೋರ್ಟೂ ಇಂಥ ಅಕ್ರಮ ದತ್ತು ನಿಲ್ಲಿಸಿ ಎಂದು ರಾಜ್ಯಗಳಿಗೆ ಹೇಳಿತು. ಕಾದು ಕಾದು ಸೋತವರ ನಡುವೆ "ಆಸ್ಪತ್ರೆಯಲ್ಲಿ ಗೊತ್ತಿರುವ ನರ್ಸ್ ಇದ್ದಾರೆ" ಎಂಬ ಮಾತು ಈಗಲೂ ತೂರಿಬರುತ್ತದೆ. ಅಂಥ ಮಾತು ಬಂದ ಕೂಡಲೇ 1098ಕ್ಕೆ ತಿಳಿಸಿ, ಆ ಗುಂಪು ಬಿಡಿ.

ಮಗಳಿಗೆ ಮಾತು ತಡವಾಗಿದೆ ಎಂಬ ನಿಮ್ಮ ಕಳವಳಕ್ಕೆ ಗುಂಪಿನಲ್ಲಿ "ನಮ್ಮದೂ ಮೂರಕ್ಕೆ ಮಾತಾಡಿತು, ಚಿಂತೆ ಬೇಡ" ಎಂದು ಹತ್ತು ಜನ ಹೇಳುತ್ತಾರೆ. ಅದು ಸಾಂತ್ವನ, ಚಿಕಿತ್ಸೆಯಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಒಮ್ಮೆ ತೋರಿಸಿಕೊಂಡು ಬನ್ನಿ. ಕಿವಿ ಪರೀಕ್ಷೆಯೂ ಆಗಿಬಿಡಲಿ. ಹುಟ್ಟೂರಿನ ಭಾಷೆ ಬೇರೆಯಾಗಿದ್ದ ಮಗು ಕನ್ನಡಕ್ಕೆ ಒಗ್ಗಿಕೊಳ್ಳಲು ಸಮಯ ಬೇಕು ಎಂಬುದೂ ನಿಜ, ಅದನ್ನು ಅವರಿಗೆ ಮರೆಯದೆ ಹೇಳಿ. ಅವಳ ಮನೆತನದಲ್ಲಿ ಯಾರಿಗೆ ಏನು ಕಾಯಿಲೆ ಎಂದು ಡಾಕ್ಟರು ಕೇಳಿದರೆ "ಗೊತ್ತಿಲ್ಲ, ದತ್ತು ಮಗು" ಎಂದು ತಲೆಯೆತ್ತಿ ಹೇಳಿ. ಅವಳು ನಿಮ್ಮ ದನಿಯನ್ನೇ ಕಲಿಯುವುದು.

ಅಂಗನವಾಡಿಗೆ ಸೇರಿಸುವಾಗ ಹೇಳಬೇಕೋ ಬೇಡವೋ ಎಂದು ಕೇಳಿದ್ದೀರಿ. ಜನನ ಪ್ರಮಾಣಪತ್ರದಲ್ಲಿ ತಂದೆ ತಾಯಿ ಎಂದು ನಿಮ್ಮ ಹೆಸರೇ ಇರುತ್ತದೆ, ಹಾಗಾಗಿ ದಾಖಲಾತಿಗೆ ಬೇರೇನೂ ಬೇಕಿಲ್ಲ. ದಿನಾ ಮಗುವನ್ನು ನೋಡಿಕೊಳ್ಳುವ ಟೀಚರ್‌ಗೆ ಮಾತ್ರ ಹೇಳಿ, ಅದೂ ಅವಳನ್ನು ಬಿಟ್ಟು ಬರುವಾಗ ಬೇರೆ ಮಕ್ಕಳಿಗಿಂತ ಹೆಚ್ಚು ಹೆದರಬಹುದು ಎಂಬಷ್ಟನ್ನು. ಮೊದಲ ವಾರ ನೀವೇ ಜೊತೆಗೆ ಕೂತಿರಿ, ಬಿಟ್ಟು ಬಂದ ದಿನ ಹೇಳಿದ ಹೊತ್ತಿಗೆ ಐದು ನಿಮಿಷ ಮೊದಲೇ ಹೋಗಿ ಕರೆದುಕೊಳ್ಳಿ. ಮನೆಯವರಿಗೆ ನನ್ನ ನಮಸ್ಕಾರ, ಅತ್ತೆಯವರಿಗೂ. ದಸರಾ ರಜೆಗೆ ನಾವು ಒಂದೆರಡು ಕುಟುಂಬ ಆ ಕಡೆ ಬರುವ ಯೋಚನೆಯಿದೆ, ನಾಲ್ಕು ಮಕ್ಕಳು ಜೊತೆಗಿರುತ್ತಾರೆ. ನಿಮ್ಮ ಮನೆಯಲ್ಲಿ ಜಾಗವಾಗುತ್ತದೆಯೇ, ಬರೆಯಿರಿ.

ನಿಮ್ಮ
ಗೆಳತಿ